ಹಳೆಯ ಹಳಿ, ಹೊಸ ಬಂಡಿ

ಶ್ರಾವಣ ಮಾಸ ಬಂದಿತೆಂದರೆ ವಿಜಯಪುರ ಜಿಲ್ಲೆಯ ಹಳ್ಳಿಗಳಲ್ಲಿ ಮರದ ಕೊಂಬೆಗಳಿಗೆ ಹಗ್ಗಗಳು ಏರುತ್ತವೆ. ಮಸೂತಿಯಂತಹ ಊರಿನಲ್ಲಿ ನಾಗರಪಂಚಮಿಯ ದಿನ ಬೇವಿನ ಮರವಾಗಲಿ ಆಲದ ಮರವಾಗಲಿ ಜೋಕಾಲಿಯಿಲ್ಲದೆ ಬರಿದಾಗಿ ನಿಲ್ಲುವುದುಂಟೆ? ಎಳೆಯ ಮಕ್ಕಳು ಮಣೆಯ ಮೇಲೆ ಕುಳಿತು ಇತರರಿಂದ ತೂಗಿಸಿಕೊಳ್ಳುತ್ತಾರೆ. ಆಟ ಬಲ್ಲವರು ಮಣೆಯ ಮೇಲೆ ನಿಂತು ತಾವೇ ಜೀಕುತ್ತಾರೆ. ಹಾಗೆ ನಿಂತು ಜೀಕುವವನನ್ನು ಗಮನವಿಟ್ಟು ನೋಡಿರಿ. ಜೋಕಾಲಿ ಎತ್ತರದ ತುದಿಯನ್ನು ಮುಟ್ಟಿದಾಗ ಅವನ ಮೊಣಕಾಲುಗಳು ಬಾಗುತ್ತವೆ. ತಳವನ್ನು ದಾಟುವಾಗ ಮತ್ತೆ ನೆಟ್ಟಗಾಗುತ್ತವೆ. ಬಾಗುವುದೂ ಏಳುವುದೂ ಅವನ ವಶದಲ್ಲಿವೆ. ಆದುದರಿಂದಲೇ ನಿಂತ ಭಂಗಿ ಅವನಿಗೆ ಕಷ್ಟವೆನಿಸದೆ ಸುಖವೆನಿಸುತ್ತದೆ.

ನಿಂತು ತೂಗುವ ಈ ಸುಖವನ್ನು ಯಂತ್ರದ ಮೂಲಕ ಸಾವಿರಾರು ಜನರಿಗೆ ಒದಗಿಸಬೇಕೆಂದು ಒಂದು ಕಾಲದಲ್ಲಿ ಯಂತ್ರಶಿಲ್ಪಿಗಳು ಹಂಬಲಿಸಿದರು. ಅವರು ದೊಡ್ಡ ದೊಡ್ಡ ಉಕ್ಕಿನ ಹಳಿಗಳನ್ನು ಕಟ್ಟಿದರು, ಅವುಗಳ ಮೇಲೆ ಜನರನ್ನು ನಿಲ್ಲಿಸಿ ಓಡಿಸಿದರು. ಕೆಲವು ವರ್ಷಗಳಾದ ಮೇಲೆ, ಎಲ್ಲಿಯೋ ಒಂದು ತಪ್ಪಾಗಿದೆಯೆಂದು ಅವರಿಗೆ ತಿಳಿಯಿತು. ಆಗ ಅವರು ಕಟ್ಟಿದ್ದನ್ನೆಲ್ಲ ಕೆಡವಿದರೇ? ಇಲ್ಲ. ತಪ್ಪು ಎಲ್ಲಿದೆಯೆಂದು ಹುಡುಕಿ ಅದನ್ನಷ್ಟೇ ತಿದ್ದಿದರು. ಆ ತಿದ್ದುಪಡಿಯ ಕಥೆಯೇ ಈ ಪಾಠದ ವಸ್ತು.

ಜಾತ್ರೆಗಳಲ್ಲಿ ತಿರುಗುವ ದೊಡ್ಡ ತೊಟ್ಟಿಲನ್ನು ನೀವೆಲ್ಲರೂ ಕಂಡಿದ್ದೀರಿ. 'ರೋಲರ್ ಕೋಸ್ಟರ್' ಎಂಬ ಆಟವನ್ನು ಬಿಡದಿಯ ಬಳಿ 2005ರಲ್ಲಿ ಆರಂಭವಾದ ವಂಡರ್‌ಲಾದಂತಹ ವಿಹಾರೋದ್ಯಾನಗಳಲ್ಲಿ ಕೆಲವರು ಕಂಡಿರಬಹುದು. ಎತ್ತರದ ಕಂಬಗಳ ಮೇಲೆ ಏರುತ್ತ, ಇಳಿಯುತ್ತ, ಸುತ್ತುತ್ತ ಸಾಗುವ ಹಳಿ. ಅದರ ಮೇಲೆ ಓಡುವ ಚಿಕ್ಕ ಬಂಡಿಗಳ ಸಾಲು. ಇದರ ಮೂಲ ರಷ್ಯದ ಹಿಮದ ದಿಬ್ಬಗಳಲ್ಲಿದೆ. ಅಲ್ಲಿನ ಜನ ಚಳಿಗಾಲದಲ್ಲಿ ಮರದ ದಿಬ್ಬಗಳ ಮೇಲೆ ನೀರೆರೆದು, ಅದು ಹೆಪ್ಪುಗಟ್ಟಿದ ಮೇಲೆ ಜಾರಿ ಆಡುತ್ತಿದ್ದರು. 1884ರಲ್ಲಿ ಲಾಮಾರ್ಕಸ್ ಥಾಂಪ್ಸನ್ ಎಂಬವರು ಅಮೆರಿಕದ ನ್ಯೂಯಾರ್ಕ್ ನಗರದ ಕೋನಿ ದ್ವೀಪದಲ್ಲಿ ಹಳಿಯ ಮೇಲೆ ಜಾರುವ ಬಂಡಿಯನ್ನು ಸಾರ್ವಜನಿಕರ ವಿನೋದಕ್ಕಾಗಿ ತೆರೆದರು. ಅದರ ವೇಗ ಗಂಟೆಗೆ ಹತ್ತು ಕಿಲೋಮೀಟರಿನಷ್ಟು ಮಾತ್ರ. ಮುಂದೆ ಜಾನ್ ಮಿಲ್ಲರ್ ಎಂಬ ಯಂತ್ರಶಿಲ್ಪಿ ಹಳಿಯ ಕೆಳಭಾಗವನ್ನೂ ಹಿಡಿದು ಓಡುವ ಗಾಲಿಗಳನ್ನು ರೂಪಿಸಿ 1919ರಲ್ಲಿ ಪೇಟೆಂಟ್ ಪಡೆದರು. ಇಂದಿನ ಬಂಡಿಗಳಿಗೆ ಹಳಿಯ ಮೇಲೊಂದು, ಬದಿಗೊಂದು, ಕೆಳಗೊಂದು ಹೀಗೆ ಮೂರು ಬಗೆಯ ಗಾಲಿಗಳಿರುತ್ತವೆ. ಅವು ಹಳಿಯನ್ನು ಮೂರೂ ಕಡೆಗಳಿಂದ ಅಪ್ಪಿಕೊಂಡಿರುವುದರಿಂದ ಬಂಡಿ ತಲೆಕೆಳಗಾದರೂ ಹಳಿಯನ್ನು ಬಿಡುವುದಿಲ್ಲ.

ಈ ಬಂಡಿಗಳಲ್ಲಿ ಹೆಚ್ಚಿನವುಗಳಿಗೆ ಎಂಜಿನ್ ಇಲ್ಲವೆಂಬುದು ಸೋಜಿಗದ ಸಂಗತಿ. ಒಂದು ಸರಪಳಿಯು ಬಂಡಿಯನ್ನು ಮೊದಲ ದಿಬ್ಬದ ತುದಿಗೆ ಎಳೆದು ಬಿಡುತ್ತದೆ. ಅಲ್ಲಿಂದ ಮುಂದಿನ ಓಟವೆಲ್ಲವೂ ಭೂಮಿಯ ಸೆಳೆತದ ಕೊಡುಗೆ. ಎತ್ತರದಲ್ಲಿ ಅಡಗಿರುವ ಶಕ್ತಿಯು ಇಳಿಜಾರಿನಲ್ಲಿ ಚಲನೆಯ ಶಕ್ತಿಯಾಗುತ್ತದೆ. ಮುಂದಿನ ದಿಬ್ಬವನ್ನು ಏರುವಾಗ ಮತ್ತೆ ಎತ್ತರದ ಶಕ್ತಿಯಾಗುತ್ತದೆ. ಜೋಕಾಲಿಯಲ್ಲಿ ನಡೆಯುವುದೂ ಇದೇ ಅಲ್ಲವೆ?

ಇಂತಹ ಬಂಡಿಗಳಲ್ಲಿ ಜನ ಕುಳಿತು ಸಾಗುವುದು ವಾಡಿಕೆ. 1980ರ ದಶಕದ ಆರಂಭದಲ್ಲಿ ಜಪಾನಿನ ಟೋಗೊ ಎಂಬ ಸಂಸ್ಥೆಯು ನಿಂತು ಸಾಗುವ ಬಂಡಿಗಳನ್ನು ಬಳಕೆಗೆ ತಂದಿತು. 1984ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಕಿಂಗ್ಸ್ ಐಲ್ಯಾಂಡ್ ಉದ್ಯಾನದಲ್ಲಿ 'ಕಿಂಗ್ ಕೋಬ್ರಾ' ಎಂಬ ನಿಂತು ಸಾಗುವ ಆಟ ಆರಂಭವಾಯಿತು. 1988ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ವಾಲ್ಟರ್ ಬೊಲ್ಲಿಗರ್ ಮತ್ತು ಕ್ಲಾಡ್ ಮಾಬಿಲಾರ್ ಎಂಬ ಇಬ್ಬರು ಯಂತ್ರಶಿಲ್ಪಿಗಳು ಸ್ಥಾಪಿಸಿದ ಸಂಸ್ಥೆಯು ಈ ಬಗೆಯನ್ನು ಇನ್ನೂ ಮುಂದಕ್ಕೆ ಕೊಂಡೊಯ್ದಿತು. ಆ ಸಂಸ್ಥೆ ಕಟ್ಟಿದ ಮೊತ್ತಮೊದಲ ರೋಲರ್ ಕೋಸ್ಟರ್ ಆದ 'ಐರನ್ ವುಲ್ಫ್' ಕೂಡ ನಿಂತು ಸಾಗುವುದೇ ಆಗಿತ್ತು. ಅದು 1990ರಲ್ಲಿ ಇಲಿನಾಯ್ ರಾಜ್ಯದಲ್ಲಿ ತೆರೆಯಿತು.

ನಮ್ಮ ಕಥೆಯ ನಾಯಕನಾದ 'ಮ್ಯಾಂಟಿಸ್' ಕಾಣಿಸಿಕೊಂಡದ್ದು 1996ರ ಮೇ ತಿಂಗಳಿನಲ್ಲಿ. ಓಹಾಯೊ ರಾಜ್ಯದ ಸ್ಯಾಂಡಸ್ಕಿ ಪಟ್ಟಣದಲ್ಲಿ ಈರೀ ಎಂಬ ಮಹಾಸರೋವರದ ದಂಡೆಯ ಮೇಲೆ ಸೀಡರ್ ಪಾಯಿಂಟ್ ಎಂಬ ಹಳೆಯ ವಿಹಾರೋದ್ಯಾನವಿದೆ. ಅಲ್ಲಿ ಈ ಆಟವನ್ನು ಅದೇ ಸ್ವಿಸ್ ಸಂಸ್ಥೆ ಕಟ್ಟಿತು. ಹಳಿಯ ಉದ್ದ ಸುಮಾರು 1,190 ಮೀಟರು. ಎತ್ತರ 44 ಮೀಟರು. ಮೊದಲ ಇಳಿತ 42 ಮೀಟರು. ಗರಿಷ್ಠ ವೇಗ ಗಂಟೆಗೆ 97 ಕಿಲೋಮೀಟರು. ದಾರಿಯಲ್ಲಿ ನಾಲ್ಕು ಬಾರಿ ಬಂಡಿ ತಲೆಕೆಳಗಾಗುತ್ತಿತ್ತು. ಅದು ತೆರೆದಾಗ ನಿಂತು ಸಾಗುವ ಆಟಗಳಲ್ಲಿ ಜಗತ್ತಿನಲ್ಲಿಯೇ ಅತ್ಯಂತ ಎತ್ತರದ್ದು, ಉದ್ದದ್ದು ಮತ್ತು ವೇಗದ್ದು ಎಂಬ ಕೀರ್ತಿಯನ್ನು ಪಡೆಯಿತು.

ಈ ಅಂಕಿಗಳನ್ನು ನಾವೇ ಒಮ್ಮೆ ಪರೀಕ್ಷಿಸಿ ನೋಡೋಣ. 42 ಮೀಟರು ಎತ್ತರದಿಂದ ಯಾವ ಅಡ್ಡಿಯೂ ಇಲ್ಲದೆ ಇಳಿಯುವ ವಸ್ತುವಿನ ವೇಗವನ್ನು ನೀವು ವಿಜ್ಞಾನದ ತರಗತಿಯಲ್ಲಿ ಲೆಕ್ಕ ಹಾಕಬಲ್ಲಿರಿ. ಎತ್ತರವನ್ನು 9.8ರಿಂದ ಗುಣಿಸಿ, ಬಂದುದನ್ನು ಇಮ್ಮಡಿಸಿ, ಅದರ ವರ್ಗಮೂಲವನ್ನು ತೆಗೆದರೆ ಸೆಕೆಂಡಿಗೆ ಸುಮಾರು 28.7 ಮೀಟರು, ಅಂದರೆ ಗಂಟೆಗೆ ಸುಮಾರು 103 ಕಿಲೋಮೀಟರು ಬರುತ್ತದೆ. ಬಂಡಿಯ ನಿಜವಾದ ವೇಗ 97 ಮಾತ್ರ. ಉಳಿದುದು ಎಲ್ಲಿ ಹೋಯಿತು? ಗಾಲಿಗಳ ಘರ್ಷಣೆಯೂ ಗಾಳಿಯ ತಡೆಯೂ ಅದನ್ನು ತಿಂದುಹಾಕಿದವು. ಶಕ್ತಿಯ ಲೆಕ್ಕದಲ್ಲಿ ಹೇಳುವುದಾದರೆ ಎಂಟರಲ್ಲಿ ಒಂದು ಪಾಲಿನಷ್ಟು ಹೀಗೆ ದಾರಿಯಲ್ಲಿಯೇ ಸೋರಿಹೋಯಿತು.

ಇನ್ನು ಆ ಬಂಡಿಯಲ್ಲಿ ನಿಲ್ಲುವುದೆಂದರೆ ಹೇಗೆ? ಪ್ರತಿಯೊಬ್ಬರ ಕಾಲುಗಳ ನಡುವೆ ಸೈಕಲ್ಲಿನ ಸೀಟಿನಂತಹ ಒಂದು ಚಿಕ್ಕ ಪೀಠ. ಹೆಗಲುಗಳ ಮೇಲೆ ಬಿಗಿಯಾದ ಪಟ್ಟಿ. ಪಾದಗಳ ಕೆಳಗೆ ಬಂಡಿಯ ನೆಲ. ಹೊರಡುವ ಮುನ್ನ ಪೀಠವನ್ನು ಸವಾರನ ಎತ್ತರಕ್ಕೆ ತಕ್ಕಂತೆ ಏರಿಸಿಯೋ ಇಳಿಸಿಯೋ ಹೊಂದಿಸುತ್ತಿದ್ದರು. ಬಂಡಿ ಹೊರಡುವ ಹೊತ್ತಿಗೆ ಅದು ಆ ಎತ್ತರದಲ್ಲಿಯೇ ಬಿಗಿದುಕೊಳ್ಳುತ್ತಿತ್ತು. ಆ ಬಳಿಕ ಸವಾರನು ಬಾಗುವಂತಿಲ್ಲ, ಏಳುವಂತಿಲ್ಲ. ಜೋಕಾಲಿಯ ಮೇಲೆ ನಿಂತವನಿಗೂ ಈ ಬಂಡಿಯಲ್ಲಿ ನಿಂತವನಿಗೂ ಇರುವ ಮುಖ್ಯವಾದ ವ್ಯತ್ಯಾಸ ಇದೇ. ಅವನು ತನ್ನ ಮೊಣಕಾಲುಗಳ ಒಡೆಯ. ಇವನು ನೆಟ್ಟಗೆ ಕಟ್ಟಿಟ್ಟ ಹೊರೆ.

ಇದರಿಂದಾಗುವ ತೊಂದರೆ ಎರಡು ಬಗೆಯದು. ಮೊದಲನೆಯದು ತೂಕದ ತೊಂದರೆ. ಬಂಡಿ ಇಳಿಜಾರಿನ ತಳದಲ್ಲಿ ತಿರುವಿ ಮೇಲೇರುವಾಗ ದೇಹವು ಕೆಳಕ್ಕೆ ಒತ್ತಲ್ಪಟ್ಟಂತಾಗುತ್ತದೆ. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಬಂಡಿಯ ವೇಗ ಸೆಕೆಂಡಿಗೆ 25 ಮೀಟರು, ತಿರುವಿನ ತ್ರಿಜ್ಯ 32 ಮೀಟರು ಎಂದಿಟ್ಟುಕೊಳ್ಳಿರಿ. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ 19.5 ಬರುತ್ತದೆ. ಇದು ಭೂಮಿಯ ಸೆಳೆತವಾದ 9.8ರ ಎರಡರಷ್ಟು. ಅದಕ್ಕೆ ಸಹಜವಾದ ತೂಕವನ್ನು ಸೇರಿಸಿದರೆ ಮೂರು ಪಟ್ಟಾಯಿತು. ನಲವತ್ತು ಕಿಲೋಗ್ರಾಂ ತೂಕದ ವಿದ್ಯಾರ್ಥಿ ಆ ಗಳಿಗೆಯಲ್ಲಿ ನೂರಿಪ್ಪತ್ತು ಕಿಲೋಗ್ರಾಂ ತೂಗಿದಂತೆ! ಕುಳಿತವನಾದರೆ ಈ ಭಾರವನ್ನು ಆಸನವು ತೊಡೆಗಳ ಉದ್ದಕ್ಕೂ ಹಂಚಿಕೊಂಡು ಹೊರುತ್ತದೆ. ನಿಂತವನ ಪಾಡು ಹಾಗಲ್ಲ; ಅವನ ಪಾದಗಳೂ ಮೊಣಕಾಲುಗಳೂ ಅದನ್ನು ಹೊರಬೇಕು. ತನ್ನಷ್ಟೇ ತೂಕದ ಇಬ್ಬರು ಗೆಳೆಯರನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಂತೆ.

ಎರಡನೆಯದು ಎತ್ತರದ ತೊಂದರೆ. ಜಾತ್ರೆಯಲ್ಲಿ ತೇರು ಎಳೆಯುವುದನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ತೇರಿನ ಗಾಲಿ ಒಂದು ಚಿಕ್ಕ ಕಲ್ಲನ್ನು ಏರಿ ಇಳಿದರೆ ಬುಡದಲ್ಲಿ ನಿಂತವರಿಗೆ ಅದು ಅಷ್ಟಾಗಿ ತಿಳಿಯುವುದಿಲ್ಲ. ಮೇಲಿನ ಕಳಸವು ಮಾತ್ರ ಅತ್ತಿಂದಿತ್ತ ತೂಗಾಡುತ್ತದೆ. ಬುಡದ ಒಂದು ಬೆರಳಿನ ಅಲುಗು ತುದಿಯಲ್ಲಿ ಒಂದು ಗೇಣಿನ ಅಲುಗಾಗುತ್ತದೆ. ನಿಂತ ಸವಾರನ ತಲೆಯೂ ತೇರಿನ ಕಳಸದಂತೆಯೇ. ಹಳಿಯಿಂದ ಅದು ದೂರವಾದಷ್ಟೂ ಹಳಿಯ ಸಣ್ಣ ಒರಟುತನವೂ ತಲೆಗೆ ದೊಡ್ಡದಾಗಿ ತಟ್ಟುತ್ತದೆ. ವರ್ಷಗಳು ಕಳೆದಂತೆ ಗಾಲಿಗಳಲ್ಲಿಯೂ ಕೀಲುಗಳಲ್ಲಿಯೂ ಸವೆತ ಸಹಜ. ತಲೆ ಅತ್ತಿತ್ತ ಹೊಯ್ದಾಡಿ ಹೆಗಲಪಟ್ಟಿಗೆ ಕಿವಿಗಳು ತಾಗುತ್ತವೆ, ಕುತ್ತಿಗೆ ನೋಯುತ್ತದೆ ಎಂಬ ದೂರುಗಳು ನಿಂತು ಸಾಗುವ ಆಟಗಳ ಬಗ್ಗೆ ಹೆಚ್ಚುತ್ತ ಬಂದವು. ಮೊದಲು ಬೆರಗಿನಿಂದ ಸಾಲುಗಟ್ಟಿ ನಿಂತ ಜನ ಒಮ್ಮೆ ಏರಿ ಇಳಿದ ಮೇಲೆ ಎರಡನೆಯ ಸಲ ಬರಲು ಹಿಂಜರಿದರು. ಯಾವ ಆಟಕ್ಕೂ ಇದಕ್ಕಿಂತ ಕಠಿಣವಾದ ತೀರ್ಪು ಬೇರೊಂದಿಲ್ಲ.

ಮ್ಯಾಂಟಿಸ್ ಹತ್ತೊಂಬತ್ತು ಋತುಗಳ ಕಾಲ ಓಡಿತು. ಅಷ್ಟು ಹೊತ್ತಿಗೆ ಅದರ ಒಡೆಯರ ಮುಂದೆ ಮೂರು ದಾರಿಗಳಿದ್ದವು. ಇದ್ದುದನ್ನು ಇದ್ದಂತೆಯೇ ಓಡಿಸುವುದು ಒಂದು. ಎಲ್ಲವನ್ನೂ ಕಿತ್ತು ಗುಜರಿಗೆ ಹಾಕುವುದು ಇನ್ನೊಂದು. ಕಿಂಗ್ ಕೋಬ್ರಾಕ್ಕೆ 2001ರ ಬಳಿಕ ಒದಗಿದ ಗತಿ ಅದೇ. ಆದರೆ ಒಂದು ಕಿಲೋಮೀಟರಿಗೂ ಮಿಕ್ಕಿದ ಹಳಿ, ಅದನ್ನು ಹೊತ್ತ ನೂರಾರು ಟನ್ ಉಕ್ಕು, ನೆಲದೊಳಗಿನ ಗಟ್ಟಿಯಾದ ಅಡಿಪಾಯ ಇವೆಲ್ಲವೂ ಇನ್ನೂ ಬಾಳುವಂತಿದ್ದವು. ನೋವು ಉಂಟಾಗುತ್ತಿದ್ದುದು ಹಳಿಯ ಆಕಾರದಿಂದಲ್ಲ, ಅದರ ಮೇಲೆ ಮನುಷ್ಯನನ್ನು ಇರಿಸಿದ ಭಂಗಿಯಿಂದ. ಹಾಗಿರುವಾಗ ಭಂಗಿಯನ್ನೇಕೆ ಬದಲಿಸಬಾರದು? ಇದು ಮೂರನೆಯ ದಾರಿ. 2014ರ ಅಕ್ಟೋಬರ್ 19ರಂದು ಮ್ಯಾಂಟಿಸ್ ಕೊನೆಯ ಬಾರಿಗೆ ಓಡಿತು. 2015ರ ಮೇ ತಿಂಗಳಿನಲ್ಲಿ ಅದೇ ಹಳಿಯ ಮೇಲೆ ಹೊಸ ಬಂಡಿಗಳು, ಹೊಸ ಬಣ್ಣ, 'ರೂಗರೂ' ಎಂಬ ಹೊಸ ಹೆಸರು. ಅಮೆರಿಕದ ಲೂಯಿಸಿಯಾನ ಪ್ರಾಂತದ ಜನಪದ ಕಥೆಗಳಲ್ಲಿ ಬರುವ, ಮನುಷ್ಯರೂಪದಿಂದ ತೋಳದ ರೂಪಕ್ಕೆ ಬದಲಾಗುವ ಪ್ರಾಣಿಯ ಹೆಸರದು. ರೂಪ ಬದಲಿಸಿಕೊಂಡ ಯಂತ್ರಕ್ಕೆ ತಕ್ಕ ಹೆಸರೇ ಸರಿ.

ಹೊಸ ಬಂಡಿಗಳು 'ನೆಲವಿಲ್ಲದ' ಬಗೆಯವು. ಈ ಬಗೆಯೂ ಅದೇ ಸ್ವಿಸ್ ಸಂಸ್ಥೆಯ ಕಲ್ಪನೆ. ಇದರ ಮೊದಲ ಆಟ 'ಮೆಡೂಸಾ' ಎಂಬುದು 1999ರಲ್ಲಿ ನ್ಯೂಜೆರ್ಸಿ ರಾಜ್ಯದಲ್ಲಿ ಆರಂಭವಾಗಿತ್ತು. ಇದರಲ್ಲಿ ಸವಾರರು ಕುಳಿತುಕೊಳ್ಳುತ್ತಾರೆ. ಆದರೆ ಪಾದಗಳ ಕೆಳಗೆ ಹಲಗೆಯಿಲ್ಲ, ಮುಂದೆ ಮರೆಯಿಲ್ಲ. ಕಾಲುಗಳು ಹಳಿಯ ಮೇಲೆ ಗಾಳಿಯಲ್ಲಿ ತೂಗಾಡುತ್ತವೆ. ಒಂದು ಸಾಲಿಗೆ ನಾಲ್ವರಂತೆ ಎಂಟು ಸಾಲು, ಒಟ್ಟು ಮೂವತ್ತೆರಡು ಮಂದಿ ಒಮ್ಮೆಗೆ ಸಾಗುತ್ತಾರೆ.

ಸಾಧಾರಣವಾದ ಆಸನದ ಬಂಡಿಯನ್ನೇ ಇರಿಸಬಹುದಾಗಿತ್ತಲ್ಲ, ನೆಲವನ್ನೇಕೆ ತೆಗೆದರು ಎಂದು ನೀವು ಕೇಳಬಹುದು. ಈ ಪ್ರಶ್ನೆಯಲ್ಲಿಯೇ ಕೆಲಸದ ಮರ್ಮವಿದೆ. ಹಳಿಯನ್ನು ತಿರುಚುವಾಗ ಯಂತ್ರಶಿಲ್ಪಿಗಳು ಸವಾರನ ಎದೆ ಎಷ್ಟು ಎತ್ತರದಲ್ಲಿರುವುದೆಂದು ಲೆಕ್ಕ ಹಾಕಿ, ಸುತ್ತುವ ಅಚ್ಚು ಎದೆಯ ಸಮೀಪ ಹಾಯುವಂತೆ ನೋಡಿಕೊಳ್ಳುತ್ತಾರೆ. ಹಾಗೆ ಮಾಡಿದರೆ ದೇಹಕ್ಕೆ ಬೀಳುವ ಎಳೆತ ಕಡಿಮೆ. ಮ್ಯಾಂಟಿಸಿನ ಹಳಿ ನಿಂತವರಿಗಾಗಿ ರೂಪುಗೊಂಡದ್ದು. ಅದರ ಮೇಲೆ ತಗ್ಗಾದ ಆಸನವನ್ನು ಇಟ್ಟರೆ ಎದೆಯು ಅಚ್ಚಿನಿಂದ ಬಹಳ ಕೆಳಗೆ ಸರಿಯುತ್ತದೆ. ನೆಲವಿಲ್ಲದ ಬಂಡಿಯಲ್ಲಿ ಕಾಲುಗಳು ಇಳಿಬೀಳಬೇಕಾದುದರಿಂದ ಆಸನವೇ ಎತ್ತರದಲ್ಲಿರುತ್ತದೆ. ಆದುದರಿಂದ ಕುಳಿತವನ ಎದೆ ಹಳೆಯ ಲೆಕ್ಕದಿಂದ ಹೆಚ್ಚು ದೂರ ಹೋಗುವುದಿಲ್ಲ. ತಲೆ ಮಾತ್ರ ಮೊದಲಿಗಿಂತ ಹಳಿಗೆ ಹತ್ತಿರವಾಗುತ್ತದೆ. ಭಾರವು ಮೊಣಕಾಲಿನಿಂದ ಆಸನಕ್ಕೆ ವರ್ಗವಾಗುತ್ತದೆ.

ಹಳಿಯನ್ನು ಉಳಿಸಿಕೊಂಡರೂ ನಿಲ್ದಾಣವನ್ನು ಹಳೆಯದರಂತೆಯೇ ಉಳಿಸಿಕೊಳ್ಳಲಾಗಲಿಲ್ಲ. ಬಂಡಿಗೆ ನೆಲವಿಲ್ಲದಿದ್ದರೆ ಜನ ಹತ್ತುವುದು ಹೇಗೆ? ಅದಕ್ಕಾಗಿ ನಿಲ್ದಾಣದಲ್ಲಿ ಸರಿದುಹೋಗುವ ನೆಲವನ್ನು ಅಳವಡಿಸಬೇಕು. ಬಂಡಿ ಬಂದು ನಿಂತಾಗ ಈ ನೆಲ ಆಸನಗಳ ಕೆಳಗೆ ಬಂದು ಕೂಡಿಕೊಳ್ಳುತ್ತದೆ. ಎಲ್ಲರೂ ಕುಳಿತು, ಪಟ್ಟಿಗಳು ಬಿಗಿದು, ಸಿಬ್ಬಂದಿ ಒಂದೊಂದನ್ನೂ ಪರೀಕ್ಷಿಸಿದ ಮೇಲೆ ನೆಲ ಕೆಳಗಿಳಿದು ಸರಿಯುತ್ತದೆ. ಬಂಡಿಯ ಮುಂದಿನ ತಡೆಬಾಗಿಲು ತೆರೆಯುತ್ತದೆ. ಆಮೇಲೆಯೇ ಬಂಡಿ ಹೊರಡಬಲ್ಲದು. ಈ ಕ್ರಮದಲ್ಲಿ ಒಂದು ಹಿಂದುಮುಂದಾದರೂ ಅಪಾಯ ತಪ್ಪಿದ್ದಲ್ಲ. ಒಂದು ಅಂಗವನ್ನು ಬದಲಿಸಲು ಹೊರಟವನು ಅದಕ್ಕೆ ಹೊಂದಿಕೊಂಡ ಇತರ ಅಂಗಗಳನ್ನೂ ನೋಡಬೇಕಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಇಂತಹ ಪರಿವರ್ತನೆ ನಮಗೇನೂ ಹೊಸದಲ್ಲ. ನಮ್ಮ ಹೊಲದ ಬಂಡಿಯನ್ನೇ ನೋಡಿರಿ. ಕಬ್ಬಿಣದ ಪಟ್ಟಿ ಬಿಗಿದ ಮರದ ಗಾಲಿಗಳು ಹೋಗಿ ಅನೇಕ ಕಡೆ ರಬ್ಬರಿನ ಟೈರುಗಳು ಬಂದವು. ನೊಗ ಉಳಿಯಿತು, ಎತ್ತುಗಳು ಉಳಿದವು, ದಾರಿಯೂ ಅದೇ. ಆದರೆ ಎತ್ತುಗಳ ಹೆಗಲಿಗೆ ಬೀಳುವ ಹೊಡೆತ ತಗ್ಗಿತು. ಇದಕ್ಕೆ ಪ್ರತಿಯಾದ ಇನ್ನೊಂದು ನಿದರ್ಶನ ನಮ್ಮ ಜಿಲ್ಲೆಯಲ್ಲಿಯೇ ಹಾಯ್ದುಹೋಗುವ ಗದಗ–ಹೋಟಗಿ ರೈಲುಮಾರ್ಗ. 1880ರ ದಶಕದಲ್ಲಿ ಮೀಟರ್‌ಗೇಜಾಗಿ ಹುಟ್ಟಿದ ಅದು ಈ ಶತಮಾನದ ಆರಂಭದ ವರ್ಷಗಳಲ್ಲಿ ಬ್ರಾಡ್‌ಗೇಜಾಯಿತು. ಎರಡು ಕಂಬಿಗಳ ನಡುವಣ ಅಂತರ 1,000 ಮಿಲಿಮೀಟರಿನಿಂದ 1,676 ಮಿಲಿಮೀಟರಿಗೆ ಏರಿತು. ಅಲ್ಲಿ ಕೊರತೆ ಇದ್ದುದು ಹಳಿಯಲ್ಲಿ; ಆದುದರಿಂದ ಹಳಿ ಬದಲಾಗಬೇಕಾಯಿತು, ಅದರೊಡನೆ ಗಾಡಿಗಳೂ ಬದಲಾದವು. ಸೀಡರ್ ಪಾಯಿಂಟಿನಲ್ಲಿ ಕೊರತೆ ಇದ್ದುದು ಬಂಡಿಯಲ್ಲಿ, ಹಳಿ ಉಳಿಯಿತು. ರೋಗ ಎಲ್ಲಿದೆಯೋ ಅಲ್ಲಿಗೇ ಮದ್ದು ಸಲ್ಲಬೇಕಷ್ಟೆ.

ರೋಗದ ನೆಲೆಯನ್ನು ಅರಿಯದೆ ಮದ್ದು ಮಾಡಿದರೆ ಏನಾಗುವುದೆಂಬುದನ್ನು ಐರನ್ ವುಲ್ಫ್ ಆಟದ ಚರಿತ್ರೆ ತೋರಿಸುತ್ತದೆ. ಅದನ್ನು ಇಲಿನಾಯ್‌ನಿಂದ ಬಿಚ್ಚಿ ತಂದು 2012ರಲ್ಲಿ ಮೇರಿಲ್ಯಾಂಡ್ ರಾಜ್ಯದ ಸಿಕ್ಸ್ ಫ್ಲ್ಯಾಗ್ಸ್ ಅಮೆರಿಕ ಎಂಬ ಉದ್ಯಾನದಲ್ಲಿ 'ಅಪೊಕಲಿಪ್ಸ್' ಎಂಬ ಹೆಸರಿನಿಂದ ನಿಲ್ಲಿಸಿದರು. ಊರು ಬದಲಾಯಿತು, ಹೆಸರು ಬದಲಾಯಿತು, ಬಣ್ಣವೂ ಬದಲಾಯಿತು. ಸವಾರರು ಮಾತ್ರ ಮೊದಲಿನಂತೆಯೇ ನಿಂತಿದ್ದರು. ಕೊನೆಗೆ ಆ ಆಟವನ್ನು 2018ರಲ್ಲಿ ನಿಲ್ಲಿಸಿ, 2019ರಲ್ಲಿ ನೆಲವಿಲ್ಲದ ಆಸನಗಳ 'ಫೈರ್‌ಬರ್ಡ್' ಆಗಿ ತೆರೆಯಬೇಕಾಯಿತು. ಕ್ಯಾಲಿಫೋರ್ನಿಯದ 'ವೋರ್ಟೆಕ್ಸ್' ಎಂಬ 1991ರ ಆಟವೂ 2017ರಲ್ಲಿ ಹೀಗೆಯೇ 'ಪೇಟ್ರಿಯಟ್' ಆಯಿತು. ತಿದ್ದುಪಡಿಯಿಂದ ಯಂತ್ರ ಚಿರಂಜೀವಿಯಾಗುತ್ತದೆಂದು ಭಾವಿಸಬಾರದು. ಫೈರ್‌ಬರ್ಡ್ ಇದ್ದ ಉದ್ಯಾನವೇ 2025ರಲ್ಲಿ ಮುಚ್ಚಿತು. ಒಳ್ಳೆಯ ತಿದ್ದುಪಡಿ ಕೊಡುವುದು ಇನ್ನಷ್ಟು ಆಯುಷ್ಯವನ್ನು, ಅಮರತ್ವವನ್ನಲ್ಲ.

ಈ ಬದಲಾವಣೆಯಲ್ಲಿ ಒಂದು ನಷ್ಟವೂ ಉಂಟು, ಅದನ್ನು ಮರೆಮಾಚಬಾರದು. ಕುಳಿತು ಸಾಗುವ ಆಟಗಳು ಜಗತ್ತಿನಲ್ಲಿ ಸಾವಿರಾರು ಇವೆ. ನಿಂತು ಹಾರಿದಂತಾಗುವ ಅನುಭವ ಅಪರೂಪದ್ದಾಗಿತ್ತು. ಒಂದೊಂದು ಆಟ ಕುಳಿತಂತೆಲ್ಲ ಆ ಅನುಭವ ಇನ್ನಷ್ಟು ವಿರಳವಾಗುತ್ತ ಬಂದಿತು. ಹಾಗಾದರೆ ನಿಂತು ಜೀಕುವ ಆಸೆಯೇ ತಪ್ಪಾಗಿತ್ತೆ?

ಈ ಪ್ರಶ್ನೆಗೆ ಉತ್ತರ 2023ರ ಮೇ ತಿಂಗಳಿನಲ್ಲಿ ದೊರೆಯಿತು. ಫ್ಲಾರಿಡಾ ರಾಜ್ಯದ ಆರ್ಲಾಂಡೊ ನಗರದ ಸೀವರ್ಲ್ಡ್ ಉದ್ಯಾನದಲ್ಲಿ ಅದೇ ಸ್ವಿಸ್ ಸಂಸ್ಥೆ 'ಪೈಪ್‌ಲೈನ್' ಎಂಬ ನಿಂತು ಸಾಗುವ ಹೊಸ ಆಟವನ್ನು ಕಟ್ಟಿತು. ಸಮುದ್ರದ ಅಲೆಗಳ ಮೇಲೆ ಹಲಗೆಯ ಮೇಲೆ ನಿಂತು ಸಾಗುವವರಂತೆ ಸವಾರರು ಇದರಲ್ಲಿ ನಿಲ್ಲುತ್ತಾರೆ. ಹಳೆಯ ಬಂಡಿಗಳಿಗೂ ಇದಕ್ಕೂ ಇರುವ ಮುಖ್ಯವಾದ ಭೇದ ಒಂದು. ಹಳೆಯದರಲ್ಲಿ ಪೀಠವು ಬಿಗಿದುಕೊಂಡು ಕದಲದಂತಿತ್ತು. ಇದರಲ್ಲಿ ಬಂಡಿ ಓಡುವಾಗಲೂ ಪೀಠವು ಸವಾರನೊಡನೆ ಮೇಲಕ್ಕೂ ಕೆಳಕ್ಕೂ ಆಡುತ್ತದೆ. ಭಾರ ಬಿದ್ದಾಗ ಮೊಣಕಾಲು ಬಾಗಬಹುದು. ಹಗುರಾದಾಗ ದೇಹ ಏಳಬಹುದು. ನಿಲ್ಲುವುದು ತಪ್ಪಾಗಿರಲಿಲ್ಲ, ನಿಂತವನನ್ನು ಬಾಗಗೊಡದಿದ್ದುದು ತಪ್ಪಾಗಿತ್ತು.

ಈ ಅರಿವಿಗೆ ಬರಲು ಯಂತ್ರಶಿಲ್ಪಿಗಳಿಗೆ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು. ಅವರು ಉಕ್ಕಿನ ಬಲವನ್ನು ಬಲ್ಲವರಾಗಿದ್ದರು. ವೇಗದ ಲೆಕ್ಕದಲ್ಲಿ ನಿಪುಣರಾಗಿದ್ದರು. ಮನುಷ್ಯನ ಮೊಣಕಾಲು ಮತ್ತು ಕುತ್ತಿಗೆ ಹೇಳುವ ಮಾತನ್ನು ಕೇಳಿಸಿಕೊಂಡ ಮೇಲೆಯೇ ಅವರ ವಿದ್ಯೆ ಪೂರ್ಣವಾಯಿತು. ಮನುಷ್ಯನಿಗಾಗಿ ಮಾಡಿದ ಯಾವ ವಸ್ತುವಿಗೂ ಮನುಷ್ಯನ ದೇಹವೇ ಕೊನೆಯ ಅಳತೆಗೋಲು. ಅದು ಬಂಡಿಯಾಗಿರಲಿ, ಶಾಲೆಯ ಬೆಂಚಾಗಿರಲಿ, ರೈತನ ಕೈಯ ಕುಡುಗೋಲಾಗಿರಲಿ.

ಹಳೆಯದೊಂದು ನಮ್ಮ ಕೈಗೆ ಬಂದಾಗ ಅದನ್ನು ಎಸೆಯುವುದು ಸುಲಭ. ಹಾಗೆಯೇ ಪೂಜಿಸುತ್ತ ಕುಳಿತುಕೊಳ್ಳುವುದೂ ಸುಲಭ. ಅದರಲ್ಲಿ ಇನ್ನೂ ಗಟ್ಟಿಯಾಗಿರುವುದು ಯಾವುದು, ನೋವು ಕೊಡುತ್ತಿರುವುದು ಯಾವುದು ಎಂದು ಬೇರ್ಪಡಿಸಿ ನೋಡುವುದು ಕಷ್ಟದ ಕೆಲಸ. ಮುಂದಿನ ನಾಗರಪಂಚಮಿಗೆ ನಿಮ್ಮ ಊರಿನ ಮರಕ್ಕೆ ಹಗ್ಗ ಬಿಗಿಯುವಾಗ ಹಿರಿಯರು ಮಾಡುವುದನ್ನು ನೋಡಿರಿ. ಹೋದ ವರ್ಷದ ಹಗ್ಗವನ್ನು ಅವರು ಎಳೆದು ನೋಡುತ್ತಾರೆ. ಸವೆದಿದ್ದರೆ ಹಗ್ಗವನ್ನು ಬದಲಿಸುತ್ತಾರೆ, ಮರವನ್ನು ಕಡಿಯುವುದಿಲ್ಲ.